ಸವಲತ್ತು ಯಾರದು?

ಕಿಬ್ಬನಹಳ್ಳಿಯ ನಮ್ಮ ಮನೆಯಲ್ಲಿ ‘ಸವಲತ್ತು’ ಎಂದರೆ ಮೀಸಲಾತಿ, ಅಷ್ಟೇ. ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರ ಮಗಳು ಕಾಲೇಜು ಸೇರಿದಾಗ, “ಅವಳಿಗೇನಮ್ಮಾ, ಸವಲತ್ತಿದೆ” ಎಂದು ನಾನೇ ಅಮ್ಮನ ಹತ್ತಿರ ಆಡಿದ್ದೆ.

ಮುಂದೆ ಮಿಲ್ಲರ್ ಸಮಿತಿಯ ಕಥೆ ಓದಿದೆ. ಮೈಸೂರು ಸಂಸ್ಥಾನದ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂಬ ದೂರಿನ ಮೇಲೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ನೇಮಿಸಿದ್ದರು. ಅದು ಹಿಂದುಳಿದವರೆಂದು ಎಣಿಸಿದವರಲ್ಲಿ ಒಕ್ಕಲಿಗರೂ ಲಿಂಗಾಯತರೂ ಇದ್ದರು. ಅಂದರೆ ತೋಟವಿದ್ದ ನಮ್ಮವರೂ. ತಾತ ಗುಮಾಸ್ತರಾದದ್ದು 1921ರ ಆದೇಶದ ನಂತರವೇ.

ಮನೆಯಲ್ಲಿ ಅದನ್ನು ಯಾರೂ ಸವಲತ್ತೆನ್ನಲಿಲ್ಲ. ತಾತನ ಬುದ್ಧಿವಂತಿಕೆ ಎಂದರು. ಅಟ್ಟದ ಕೊಬ್ಬರಿ ಮಾರಿ ನನ್ನ ಹಾಸ್ಟೆಲ್ಲಿಗೆ ಕಟ್ಟಿದ್ದನ್ನು ಅಪ್ಪನ ದುಡಿಮೆ ಎಂದರು. ಆ ಕಾಯಿ ಸುಲಿದ ಕೈ ಯಾರದೆಂದು ಮಾತ್ರ ನಾನು ಕೇಳಿರಲಿಲ್ಲ.