ಸ್ವಯಂಸೇವಕ ದಳಗಳ ನಾಮಕರಣ

ವೇತನವನ್ನು ಪಡೆಯುವ ಸೈನಿಕನಿಗೆ ತನ್ನ ತುಕಡಿಯ ಹೆಸರು ಆಜ್ಞೆಯಿಂದ ಬರುವುದು. ವೇತನವಿಲ್ಲದೆ ದುಡಿಯುವ ಸ್ವಯಂಸೇವಕನಿಗಾದರೋ ಆ ಹೆಸರೇ ಅರ್ಧ ಸಂಭಾವನೆ. ಆದುದರಿಂದ ಸೇವಾಸಂಸ್ಥೆಗಳು ತಮ್ಮ ಸ್ಥಳೀಯ ವಿಭಾಗಗಳನ್ನು ಏನೆಂದು ಕರೆದುವೆಂಬುದು ಅಲ್ಪವಿಷಯವಲ್ಲ.

ಪ್ರಾಚೀನರ ಸೇನಾವಿಭಾಗಗಳು ಗಣನೆಯನ್ನೇ ಅನುಸರಿಸಿದುವು. ಅಮರಕೋಶದ ಪ್ರಕಾರ ಒಂದು ಆನೆ, ಒಂದು ರಥ, ಮೂರು ಕುದುರೆ, ಐವರು ಕಾಲಾಳುಗಳು ಸೇರಿದರೆ ‘ಪತ್ತಿ’. ಅದರ ಮೂರು ಮಡಿ ‘ಸೇನಾಮುಖ’, ಅದರ ಮೂರು ಮಡಿ ‘ಗುಲ್ಮ’. ಹೀಗೆಯೇ ಗಣ, ವಾಹಿನಿ, ಪೃತನೆ, ಚಮೂ, ಅನೀಕಿನಿಗಳೆಂದು ಬೆಳೆದು, ಹತ್ತು ಅನೀಕಿನಿಗಳು ‘ಅಕ್ಷೌಹಿಣಿ’ ಎನಿಸುವುವು. ಹೆಸರನ್ನು ಕೇಳಿದೊಡನೆ ಬಲವೆಷ್ಟೆಂದು ತಿಳಿಯುವುದು, ಎಲ್ಲಿಯವರೆಂಬುದು ತಿಳಿಯದು.

ಸ್ವಯಂಸೇವಕರ ದಾರಿ ಬೇರೆ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಸೇರಿ, ಕ್ಷಮಾಪಣೆಯನ್ನು ಬರೆದುಕೊಡಲೊಪ್ಪದ ಡಾಕ್ಟರ್ ನಾ. ಸು. ಹರ್ಡೀಕರರ ಸಂಗಡಿಗರು ‘ಹುಬ್ಬಳ್ಳಿ ಸೇವಾ ಮಂಡಲ’ದವರು. ಹೆಸರಿನ ಮೊದಲಲ್ಲಿ ಊರು, ನಡುವೆ ಕಾರ್ಯ, ಕಡೆಗೆ ಕೂಟ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹುಟ್ಟಿದ ಅಖಿಲ ಭಾರತ ಸಂಸ್ಥೆಯು ‘ಹಿಂದೂಸ್ತಾನಿ ಸೇವಾ ದಳ’ವೆಂದು ಪ್ರಸಿದ್ಧವಾಯಿತು. ಮಂಡಲವೆಂದರೆ ವೃತ್ತ, ಅಲ್ಲಿ ಎಲ್ಲರೂ ಕೇಂದ್ರಕ್ಕೆ ಸಮದೂರದವರು. ದಳವೆಂದರೆ ಹೂವಿನ ಎಸಳೂ ಹೌದು, ಸೈನ್ಯವೂ ಹೌದು. ಅಹಿಂಸೆಯ ಸಂಸ್ಥೆಯಲ್ಲಿ ಸೈನಿಕ ಶಿಸ್ತು ಸಲ್ಲದೆಂದು ಕೆಲವರು ಶಂಕಿಸಿದ ಕಾಲದಲ್ಲಿ ಈ ಎರಡರ್ಥದ ಪದವೇ ನಿಂತಿತು. 1931ರಲ್ಲಿ ಸಂಸ್ಥೆಯು ಕಾಂಗ್ರೆಸ್ಸಿನ ಅಧೀನವಾದಾಗಲೂ ‘ದಳ’ವು ಉಳಿಯಿತು.

ಬಾಲಕರ ವಿಷಯದಲ್ಲಿ ಬೇಡನ್ ಪೊವೆಲ್ ಮತ್ತೊಂದು ಉಪಾಯವನ್ನು ಹಿಡಿದನು. 1907ರಲ್ಲಿ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ನಾಲ್ಕು ಪೆಟ್ರೋಲುಗಳಿಗೆ ತೋಳ, ಗೂಳಿ, ಕಾಗೆಯ ಜಾತಿಯ ರೇವನ್, ನೀರುಹಕ್ಕಿಯಾದ ಕರ್ಲ್ಯೂ ಎಂದು ಹೆಸರಿಟ್ಟನು. 1950ರಲ್ಲಿ ಒಂದುಗೂಡಿದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಎಳೆಯ ಬಾಲಿಕೆಯರು ‘ಬುಲ್‌ಬುಲ್’ಗಳು. ವಿಲಾಯತಿಯ ‘ಬ್ರೌನಿ’ ಎಂಬ ಮನೆದೇವತೆಯ ಬದಲು ನಮ್ಮ ತೋಟದ ಹಕ್ಕಿಯೇ ಬಂದುದು ಉಚಿತವಾಗಿದೆ.

ಗೃಹರಕ್ಷಕರಲ್ಲಿ ಎರಡು ಪದ್ಧತಿಗಳೂ ಕೂಡಿವೆ. 1946ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸಂಸ್ಥೆಗೆ ನಮ್ಮ ರಾಜ್ಯದಲ್ಲಿ 1962ರ ಶಾಸನವು ಆಧಾರ. ಇಂಗ್ಲಿಷಿನಲ್ಲಿ ಬರಿಯ ‘ಹೋಂ ಗಾರ್ಡ್ಸ್’ ಆದುದಕ್ಕೆ ಕನ್ನಡವು ‘ದಳ’ವನ್ನು ತಾನೇ ಸೇರಿಸಿ ‘ಗೃಹರಕ್ಷಕ ದಳ’ವೆಂದಿತು. ಒಳಗೆ ಸೆಕ್ಷನ್, ಪ್ಲಟೂನ್, ಕಂಪನಿಗಳೆಂಬ ಗಣನೆ. ಹೊರಗೆ ಜನರ ಬಾಯಲ್ಲಿ ಊರಿನ ಹೆಸರು.

ಊರಿನ ಹೆಸರಾದರೂ ಶಾಶ್ವತವಲ್ಲ. ಎಡತೊರೆ ತಾಲ್ಲೂಕು ನಾಲ್ವಡಿ ಕೃಷ್ಣರಾಜ ಒಡೆಯರ ನೆನಪಿಗೆ ಕೃಷ್ಣರಾಜನಗರವಾಯಿತು. ಹೆಗ್ಗಡದೇವನಕೋಟೆಯು ಬರಹದಲ್ಲಿ ಎರಡಕ್ಷರಕ್ಕೂ ಒಂದು ‘ಕೋಟೆ’ಗೂ ಇಳಿದಿದೆ. ಹಾಗಿದ್ದರೂ ಸಂಖ್ಯೆಯು ಊರಿನ ಸ್ಥಾನವನ್ನು ತುಂಬಲಾರದು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥವು ಉಕ್ಕಿ ಬಂದಾಗ ಮುಳುಗುವ ಮನೆಯವನು ಇಷ್ಟನೆಯ ಪ್ಲಟೂನನ್ನು ಕೂಗುವುದಿಲ್ಲ, ನಮ್ಮೂರಿನ ಹುಡುಗರನ್ನು ಕೂಗುವನು. ಸಂಖ್ಯೆಯು ಕಚೇರಿಯ ದಫ್ತರಕ್ಕೆ ಬೇಕು. ಊರಿನ ಹೆಸರು ಹೊಣೆಯನ್ನು ಹೊರುವವನಿಗೆ ಬೇಕು. ಹೊಸ ಪಡೆಯನ್ನು ಕಟ್ಟುವವರು ಮೊದಲನೆಯದರ ಸೌಕರ್ಯಕ್ಕಾಗಿ ಎರಡನೆಯದನ್ನು ಅಳಿಸದಿರುವುದು ಲೇಸು.