ದಾರ ಅಳಿದರೂ ಮಣಿ ಉಳಿಯುತ್ತದೆ

ಪುಸ್ತಕದ ಪುಟದ ಮೂಲೆಯನ್ನು ಮಡಚಬಾರದೆಂದು ನಾನು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನವಿಲುಗರಿ, ಒಣಗಿದ ಅರಳಿಯೆಲೆ, ಹಳೆಯ ಬಸ್ ಟಿಕೇಟು ಇವೇ ಅಂದಿನ ಪುಟಗುರುತುಗಳು. ಸಾಸಿವೆ ಕಾಳಿನಷ್ಟು ಸಣ್ಣ ಗಾಜಿನ ಮಣಿಗಳನ್ನು ಸೂಜಿದಾರದಿಂದ ಹೆಣೆದು ಮಾಡುವ ಪುಟಗುರುತೂ ಒಂದುಂಟು. ಅದರ ಹಿಂದಿರುವ ಚರಿತ್ರೆ ಬಹಳ ದೀರ್ಘವಾದುದು.

ಈ ಹೆಣಿಗೆಗೆ ಮಗ್ಗ ಬೇಕಿಲ್ಲ. ಸಪೂರವಾದ ಸೂಜಿ, ಗಟ್ಟಿ ದಾರ, ಒಂದೇ ಗಾತ್ರದ ಮಣಿಗಳು ಇದ್ದರೆ ಸಾಕು. ಮೊದಲು 16 ಮಣಿಗಳನ್ನು ಪೋಣಿಸಬೇಕು. ಬಳಿಕ ಹೊಸದೊಂದು ಮಣಿಯನ್ನು ತೆಗೆದುಕೊಂಡು, ಕೊನೆಯ ಮಣಿಯನ್ನು ಬಿಟ್ಟು, ಅದರ ಹಿಂದಿನ ಮಣಿಯೊಳಗೆ ಸೂಜಿಯನ್ನು ಹಾಯಿಸಬೇಕು. ಹೀಗೆ ಒಂದು ಬಿಟ್ಟು ಒಂದರಂತೆ ಸಾಗಿದರೆ ಸಾಲಿಗೆ 8 ಮಣಿಗಳು ಸೇರುತ್ತವೆ. ಗಾರೆಯವನು ಸಂದು ತಪ್ಪಿಸಿ ಇಟ್ಟಿಗೆ ಕಟ್ಟುವ ಕ್ರಮದಲ್ಲಿ ಮಣಿಗಳು ಒಂದರ ಪಕ್ಕಕ್ಕೊಂದು ಕಚ್ಚಿಕೊಳ್ಳುತ್ತವೆ. ಸುಮಾರು ಒಂದಂಗುಲ ಅಗಲದ, ಬಟ್ಟೆಯಂತೆ ಬಾಗುವ ಪಟ್ಟಿ ಸಿದ್ಧವಾಗುತ್ತದೆ.

ಮಗ್ಗವಿಲ್ಲದೆ ಮಣಿ ಹೆಣೆಯುವ ವಿದ್ಯೆ ಎಷ್ಟು ಪ್ರಾಚೀನ? ಈಜಿಪ್ಟಿನ ಗೀಜಾದಲ್ಲಿ 1927ರಲ್ಲಿ ಒಬ್ಬ ಮಹಿಳೆಯ ಸಮಾಧಿಯನ್ನು ಶೋಧಿಸಿದಾಗ ಸಾವಿರಾರು ಮಣಿಗಳು ದೊರೆತವು. ಅವು ಖುಫು ದೊರೆಯ ಕಾಲದವು, ಎಂದರೆ ಸುಮಾರು 4,500 ವರ್ಷಗಳಷ್ಟು ಹಳೆಯವು. ದಾರವೆಲ್ಲ ಮಣ್ಣಾಗಿತ್ತು. ಕೆಲವು ಮಣಿಗಳು ಮಾತ್ರ ಮೂಲ ವಿನ್ಯಾಸದಲ್ಲಿಯೇ ಬಿದ್ದಿದ್ದವು. ಆ ಸುಳಿವನ್ನೇ ಹಿಡಿದು ವಿದ್ವಾಂಸರು ಬಲೆಯಂತಹ ಒಂದು ಉಡುಪನ್ನು ಮರುಜೋಡಿಸಿದರು. ಅದು ಇಂದು ಬೋಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಸಣ್ಣ ಗಾಜಿನ ಮಣಿಯ ಚರಿತ್ರೆಯಲ್ಲಿ ನಮ್ಮ ದಕ್ಷಿಣ ಭಾರತಕ್ಕೆ ಹಿರಿಯ ಸ್ಥಾನವಿದೆ. ಪುದುಚೇರಿಯ ಸಮೀಪದ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು, ತುಂಡರಿಸಿ, ಮತ್ತೆ ಕಾಯಿಸಿ ಅಂಚು ನಯಗೊಳಿಸುವ ವಿಧಾನ ಅಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ನೆಲೆಗೊಂಡಿತ್ತು. ಇಂತಹ ಮಣಿಗಳು ಆಫ್ರಿಕಾದ ಪೂರ್ವ ಕರಾವಳಿಯಿಂದ ಕೊರಿಯಾ, ಜಪಾನುಗಳವರೆಗೆ ದೊರೆತಿವೆ. ಸಂಶೋಧಕ ಪೀಟರ್ ಫ್ರಾನ್ಸಿಸ್ ಇವನ್ನು 'ಇಂಡೋ-ಪೆಸಿಫಿಕ್ ಮಣಿಗಳು' ಎಂದು ಕರೆದರು. ಆಂಧ್ರದ ಪಾಪನಾಯುಡುಪೇಟೆಯಲ್ಲಿ ಇದೇ ಬಗೆಯ ಕಸುಬು 20ನೇ ಶತಮಾನದ ಕೊನೆಯ ದಶಕಗಳಲ್ಲಿಯೂ ಜೀವಂತವಾಗಿದ್ದುದನ್ನು ಅವರು ದಾಖಲಿಸಿದ್ದಾರೆ.

ಅತ್ತ ವೆನಿಸ್ ನಗರವು ಬೆಂಕಿಯ ಭಯದಿಂದ 1291ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸ್ಥಳಾಂತರಿಸಿತು. ಮುಂದಿನ ಶತಮಾನಗಳಲ್ಲಿ ವೆನಿಸ್ಸಿನ ಮಣಿಗಳು ವರ್ತಕರ ಹಡಗುಗಳನ್ನೇರಿ ಅಮೆರಿಕವನ್ನು ಮುಟ್ಟಿದವು. ಮುಳ್ಳುಹಂದಿಯ ಮುಳ್ಳುಗಳಿಂದ ಕಸೂತಿ ಮಾಡುತ್ತಿದ್ದ ಅಲ್ಲಿನ ಮೂಲನಿವಾಸಿಗಳು ಅವನ್ನು ತಮ್ಮ ಕಲೆಗೆ ಒಗ್ಗಿಸಿಕೊಂಡರು. ನಾನು ಮೇಲೆ ವಿವರಿಸಿದ ಹೆಣಿಗೆಗೆ ಇಂದು 'ಪೆಯೋಟಿ' ಎಂಬ ಹೆಸರಿದೆ. ಅದು ಅವರ ಪೂಜಾವಿಧಿಯಲ್ಲಿ ಬಳಕೆಯಾಗುವ ಮುಳ್ಳಿಲ್ಲದ ಕಳ್ಳಿಯೊಂದರ ಹೆಸರು. ಆ ವಿಧಿಯ ಪವಿತ್ರ ವಸ್ತುಗಳನ್ನು ಇದೇ ಹೆಣಿಗೆಯಿಂದ ಅಲಂಕರಿಸುತ್ತಿದ್ದರು. ಆದುದರಿಂದಲೇ ಸಾಮಾನ್ಯ ವಸ್ತುಗಳ ಹೆಣಿಗೆಗೆ ಆ ಹೆಸರು ಸಲ್ಲದೆಂದು ಅವರಲ್ಲಿ ಕೆಲವರು ಭಾವಿಸುತ್ತಾರೆ. ಹೆಸರನ್ನು ಎರವಲು ಪಡೆದ ನಾವು ಇದನ್ನು ತಿಳಿದಿರುವುದು ಸೌಜನ್ಯ.

ಕುಲುಮೆಗಳ ಆಜ್ಞೆಗೆ ಇಸವಿಯಿದೆ, ಉತ್ಖನನಕಾರರಿಗೆ ಹೆಸರಿದೆ. ಮಣಿ ಪೋಣಿಸಿದ ಕೈಗಳಿಗೆ ಮಾತ್ರ ಎರಡೂ ಇಲ್ಲ. ನಮ್ಮ ಮನೆಗಳ ಬಾಗಿಲಿಗೆ ಮಣಿತೋರಣ ಕಟ್ಟಿದ ಅಜ್ಜಿಯಂದಿರೂ ಆ ಸಾಲಿಗೇ ಸೇರಿದವರು. ದಾರ ಕೊಳೆಯುತ್ತದೆ, ಗಾಜು ಉಳಿಯುತ್ತದೆ. ಸೂಜಿ ಹಾಯುವ ದಾರಿಯಾದರೋ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದರಷ್ಟೇ ಬದುಕುತ್ತದೆ. ನಿಮ್ಮ ಮನೆಯಲ್ಲಿ ಅಂತಹ ತೋರಣವಿದ್ದು ಅದನ್ನು ಹೆಣೆದವರು ಇನ್ನೂ ಇದ್ದರೆ, ಅವರ ಬಳಿ ಕುಳಿತು ಒಂದು ಸಾಲನ್ನಾದರೂ ಕಲಿಯಿರಿ. ಅವರ ಹೆಸರನ್ನೂ ಬರೆದಿಡಿ.