ಫೀಡ್ ರೀಡರಿನ ಏಳುಬೀಳು

1990ರ ದಶಕದ ಕೊನೆಯಲ್ಲಿ ಜಾಲತಾಣಗಳ ಸಂಖ್ಯೆ ಒಂದೇ ಸಮನೆ ಏರುತ್ತಿದ್ದಾಗ, ಮೆಚ್ಚಿನ ತಾಣಗಳಲ್ಲಿ ಹೊಸದೇನು ಬಂದಿದೆ ಎಂದು ತಿಳಿಯಬೇಕಾದರೆ ಓದುಗರು ಅವುಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಗಿತ್ತು. ಈ ತೊಡಕನ್ನು ನೀಗಿಸಿದ್ದು ಫೀಡ್, ಅಂದರೆ ತಾಣವೊಂದರ ಇತ್ತೀಚಿನ ಬರಹಗಳ ಶೀರ್ಷಿಕೆ, ಕೊಂಡಿ, ಸಾರಾಂಶಗಳನ್ನು ಕಂಪ್ಯೂಟರ್ ಗುರುತಿಸಬಲ್ಲ ಕ್ರಮದಲ್ಲಿ ಜೋಡಿಸಿಟ್ಟ ಕಡತ. ಇಂತಹ ಹಲವು ಕಡತಗಳನ್ನು ಆಗಾಗ ತರಿಸಿಕೊಂಡು, ಹೊಸ ಬರಹಗಳನ್ನು ಒಂದೆಡೆ ತೋರಿಸುವ ತಂತ್ರಾಂಶವೇ ಫೀಡ್ ರೀಡರ್. ಯಾವ ತಾಣಕ್ಕೆ ಚಂದಾದಾರರಾಗಬೇಕು, ಯಾವುದನ್ನು ಕೈಬಿಡಬೇಕು ಎಂಬ ನಿರ್ಧಾರ ಇಲ್ಲಿ ಪೂರ್ತಿಯಾಗಿ ಓದುಗರದೇ ಆಗಿರುವುದರಿಂದ, ಈ ಸಾಧನದ ಇತಿಹಾಸವು ಅಂತರಜಾಲದಲ್ಲಿ ಓದುಗರ ಸ್ವಾತಂತ್ರ್ಯದ ಇತಿಹಾಸವೂ ಆಗಿದೆ.

ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯು ತನ್ನ ‘ಮೈ ನೆಟ್‌ಸ್ಕೇಪ್’ ಪುಟದಲ್ಲಿ ಬೇರೆ ತಾಣಗಳ ಶೀರ್ಷಿಕೆಗಳನ್ನು ತೋರಿಸುವ ಸಲುವಾಗಿ 1999ರ ಮಾರ್ಚ್‌ನಲ್ಲಿ ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿಯ ಮೊದಲ ಆವೃತ್ತಿಯನ್ನು ಹೊರತಂದಿತು. ಮದರಾಸಿನ ಐಐಟಿಯಲ್ಲಿ ಓದಿದ್ದ ರಾಮನಾಥನ್ ಗುಹಾ ಮತ್ತು ಡಾನ್ ಲಿಬ್ಬಿ ಅದನ್ನು ರೂಪಿಸಿದವರು. ಅದೇ ವರ್ಷದ ಜುಲೈನಲ್ಲಿ ಲಿಬ್ಬಿ ಅದನ್ನು ಸರಳಗೊಳಿಸಿದಾಗ, ತಂತ್ರಾಂಶಕಾರ ಡೇವ್ ವೈನರ್ 1997ರಿಂದ ತಮ್ಮ ತಾಣಕ್ಕಾಗಿ ಬಳಸುತ್ತಿದ್ದ ಮಾದರಿಯ ಕೆಲವು ಅಂಶಗಳೂ ಅದರೊಳಗೆ ಸೇರಿದವು. ನೆಟ್‌ಸ್ಕೇಪ್ ಈ ಕೆಲಸದಿಂದ ಹಿಂದೆ ಸರಿದ ಮೇಲೆ, ಮಾದರಿಯನ್ನು ಎತ್ತ ಬೆಳೆಸಬೇಕು ಎಂಬ ಬಗ್ಗೆ ಭಿನ್ನಮತ ಹುಟ್ಟಿತು. ಒಂದು ಗುಂಪು 2000ದ ಡಿಸೆಂಬರಿನಲ್ಲಿ 1.0 ಆವೃತ್ತಿಯನ್ನು ಪ್ರಕಟಿಸಿದರೆ, ಸರಳತೆಯೇ ಮುಖ್ಯವೆಂದ ವೈನರ್ 2002ರಲ್ಲಿ 2.0 ಆವೃತ್ತಿಯನ್ನು ಹೊರತಂದರು. ಇವೆರಡರ ಕೊರತೆಗಳನ್ನು ತುಂಬಲು ಹೊರಟವರ ಆಟಮ್ ಮಾದರಿಯು 2005ರಲ್ಲಿ ಅಂತರಜಾಲದ ಅಧಿಕೃತ ಮಾನದಂಡಗಳಲ್ಲೊಂದಾಯಿತು. ರೀಡರ್‌ಗಳು ಈ ಎಲ್ಲ ಮಾದರಿಗಳನ್ನೂ ಅರಿತುಕೊಳ್ಳುವಂತೆ ರೂಪುಗೊಂಡದ್ದರಿಂದ ಈ ವಿವಾದದ ಬಿಸಿ ಸಾಮಾನ್ಯ ಓದುಗರಿಗೆ ತಟ್ಟಲಿಲ್ಲ.

ಬ್ಲಾಗುಗಳ ಹರವು ಮತ್ತು ಫೀಡ್‌ಗಳ ಬಳಕೆ ಒಂದನ್ನೊಂದು ಬೆಳೆಸಿದವು. 2002ರಲ್ಲಿ ಮ್ಯಾಕ್ ಕಂಪ್ಯೂಟರುಗಳಿಗಾಗಿ ನೆಟ್‌ನ್ಯೂಸ್‌ವೈರ್ ಎಂಬ ಫೀಡ್ ರೀಡರ್ ಬಂದಿತು. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ತನ್ನ ಸುದ್ದಿಗಳ ಫೀಡ್‌ಗಳನ್ನು ಒದಗಿಸತೊಡಗಿತು. 2003ರ ಬ್ಲಾಗ್‌ಲೈನ್ಸ್ ಎಂಬ ರೀಡರ್ ಬ್ರೌಸರಿನಲ್ಲೇ ನಡೆಯುತ್ತಿದ್ದ ಕಾರಣ, ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ಓದನ್ನು ನಿಲ್ಲಿಸಿದಲ್ಲಿಂದ ಮುಂದುವರಿಸುವುದು ಸಾಧ್ಯವಾಯಿತು.

ಕನ್ನಡದ ಮಟ್ಟಿಗೆ ಫೀಡ್‌ಗಳ ಬಳಕೆಯು ಯೂನಿಕೋಡ್‌ನ, ಎಂದರೆ ಪ್ರತಿಯೊಂದು ಲಿಪಿಯ ಅಕ್ಷರಗಳಿಗೂ ಜಗತ್ತಿನಾದ್ಯಂತ ಒಂದೇ ಸಂಕೇತವನ್ನು ನಿಗದಿಪಡಿಸುವ ವ್ಯವಸ್ಥೆಯ, ಬಳಕೆಯೊಂದಿಗೆ ಹೆಣೆದುಕೊಂಡಿದೆ. ಅದಕ್ಕೆ ಮೊದಲು ಕನ್ನಡದ ಎಷ್ಟೋ ತಾಣಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದ ತಮ್ಮದೇ ಫಾಂಟ್‌ಗಳನ್ನು ನೆಚ್ಚಿಕೊಂಡಿದ್ದವು. ಫೀಡ್ ಎಂಬುದು ಫಾಂಟನ್ನು ಹೊತ್ತು ತರದೆ ಪಠ್ಯವನ್ನಷ್ಟೇ ರವಾನಿಸುವುದರಿಂದ, ಅಂತಹ ಬರಹವು ರೀಡರಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು. ಯೂನಿಕೋಡ್‌ನಲ್ಲಿ ಬರೆಯುವ ರೂಢಿ ಬೆಳೆದಂತೆಲ್ಲ ಕನ್ನಡದ ಬ್ಲಾಗುಗಳನ್ನು ಊರಿನಲ್ಲಿರುವವರೂ ಹೊರನಾಡಿನವರೂ ಸಮಾನವಾಗಿ ಹಿಂಬಾಲಿಸುವ ದಾರಿ ತೆರೆದುಕೊಂಡಿತು.

2005ರ ಅಕ್ಟೋಬರ್‌ನಲ್ಲಿ ಬಂದ ಗೂಗಲ್ ರೀಡರ್ ಉಚಿತವೂ ಚುರುಕೂ ಆಗಿದ್ದರಿಂದ ಅಪಾರ ಓದುಗರನ್ನು ಸೆಳೆಯಿತು, ಆದರೆ ಹಲವರಿಂದ ಹಲವೆಡೆ ನಡೆಯಬಹುದಾಗಿದ್ದ ಕೆಲಸವು ಬಹುಮಟ್ಟಿಗೆ ಒಂದೇ ಸಂಸ್ಥೆಯನ್ನು ನೆಚ್ಚುವಂತಾಯಿತು. ಫೇಸ್‌ಬುಕ್, ಟ್ವಿಟರ್‌ಗಳು ಸುದ್ದಿಯ ಹೆಬ್ಬಾಗಿಲುಗಳಾಗಿ ಬೆಳೆಯುತ್ತಿದ್ದ ಹೊತ್ತಿನಲ್ಲಿ, ಬಳಕೆ ಇಳಿಮುಖವಾಗಿದೆ ಎಂಬ ಕಾರಣವನ್ನು ಮುಂದಿಟ್ಟು ಗೂಗಲ್ 2013ರ ಜುಲೈ 1ರಂದು ಈ ಸೇವೆಯನ್ನು ಮುಚ್ಚಿತು. ಓದುಗರ ಪ್ರತಿಭಟನೆ ಫಲ ಕೊಡಲಿಲ್ಲವಾದರೂ ಅವರು ಬರಿಗೈಯಲ್ಲಿ ಹೊರಡಬೇಕಾಗಲಿಲ್ಲ. ಚಂದಾದಾರರಾಗಿರುವ ತಾಣಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಮುಕ್ತ ಮಾದರಿಯ ಕಡತವಾಗಿ ಇಳಿಸಿಕೊಂಡು, ಫೀಡ್ಲಿ, ನ್ಯೂಸ್‌ಬ್ಲರ್‌ಗಳಂತಹ ಬೇರೆ ರೀಡರ್‌ಗಳಿಗೆ ಅದನ್ನು ಹಾಗೆಯೇ ಒಯ್ಯಲು ಸಾಧ್ಯವಿತ್ತು.

ಸಾಮಾಜಿಕ ಮಾಧ್ಯಮಗಳಲ್ಲಿ ಓದುಗರ ಕಣ್ಣಿಗೆ ಬೀಳುವುದು ಬಹುಪಾಲು ಸಂಸ್ಥೆಯ ಲೆಕ್ಕಾಚಾರ ಆರಿಸಿ ಕೊಟ್ಟದ್ದು. ಫೀಡ್ ರೀಡರಿನಲ್ಲಾದರೋ ಓದುಗರು ಆರಿಸಿಕೊಂಡ ತಾಣಗಳು ಪ್ರಕಟಿಸಿದ್ದೆಲ್ಲ ಕಾಲಾನುಕ್ರಮದಲ್ಲಿ ಎದುರಿಗಿರಬಲ್ಲದು. ಪಾಡ್‌ಕಾಸ್ಟ್‌ಗಳ ಹೊಸ ಕಂತುಗಳು ಕೇಳುಗರ ಫೋನನ್ನು ತಲುಪುವುದು ಇಂದಿಗೂ ಬಹುತೇಕ ಆರ್‌ಎಸ್‌ಎಸ್‌ನ ಮೂಲಕವೇ ಎಂಬುದನ್ನು ಗಮನಿಸಿದರೆ, ಸೇವೆಯೊಂದು ನಿಂತುಹೋದ ಮಾತ್ರಕ್ಕೆ ಅದರ ಹಿಂದಿನ ಮುಕ್ತ ಮಾದರಿ ಸಾಯುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಆದ್ದರಿಂದ ತಾಣ ನಡೆಸುವವರು, ಅದರಲ್ಲೂ ಕನ್ನಡದ ಪತ್ರಿಕೆಗಳು ಮತ್ತು ಬರಹಗಾರರು, ತಮ್ಮ ಫೀಡ್‌ಗಳನ್ನು ಜೀವಂತವಾಗಿಟ್ಟುಕೊಳ್ಳುವುದು ಓದುಗರ ಆಯ್ಕೆಯ ಹಕ್ಕನ್ನು ಗೌರವಿಸುವ ಕೆಲಸವೇ ಆಗಿದೆ.